ಉಪ್ಪಿನ ಜಾಗ ಬದಲಿಸಿದ ಆರ್ಡಿತ್

ಐನೂರೈವತ್ತು ಪೌಂಡು ತೂಗುವ ಕರುವಿಗೆ ಈ ಅಕ್ಟೋಬರಿನ ಸಂತೆಯಲ್ಲಿ ಸಾವಿರದ ನಾನೂರು ಡಾಲರ್ ಸಿಗುತ್ತದೆ. ಅದರ ತಾಯಿಯನ್ನು ಒಂದು ಚಳಿಗಾಲ ದಾಟಿಸಲು ಎರಡು ಟನ್ ಒಣಹುಲ್ಲು ಬೇಕು, ಅದಕ್ಕೆ ನಾನೂರು. ದನ ನೆಕ್ಕುವ ಉಪ್ಪಿನ ಗಡ್ಡೆ ಒಂದಕ್ಕೆ ಒಂಬತ್ತು. ಸತ್ತ ಕರುವಿನ ಮೇಲೆ ಹೊದಿಸುವ ತಾಡಪಾಲಿಗೆ ಹದಿನೆಂಟು. ಎಲ್ಕ್ ಕಡವೆಯ ಬೇಟೆಗೆಂದು ಹೊರಗಿನಿಂದ ಬರುವವನು ಒಂದು ವಾರಕ್ಕೆ ಆರೂವರೆ ಸಾವಿರ ಕೊಡುತ್ತಾನೆ. ಆರ್ಡಿತ್ ಸ್ಕೋಗನ್ ಅವರಿಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಗೋಮಾಳ ಸಂಘ ಕೊಡುವ ಸಂಬಳ ಹೆಚ್ಚುಕಡಿಮೆ ಹನ್ನೊಂದು ಕರುಗಳ ಬೆಲೆ. ಒಂದು ತೋಳದ ಬೆಲೆ ಎಷ್ಟು ಎಂದು ಲಾಸ್ಟ್ ಮೇರ್ ಕಣಿವೆಯಲ್ಲಿ ಹತ್ತು ಜನರನ್ನು ಕೇಳಿದರೆ ಹನ್ನೆರಡು ಉತ್ತರ ಬರುತ್ತದೆ.

ಸೆಪ್ಟೆಂಬರ್ ಕೊನೆಯ ಮಂಗಳವಾರ. ಬೆಳಕು ಇನ್ನೂ ಬೆಟ್ಟದ ತುದಿಯಲ್ಲೇ ಇದೆ, ಕೆಳಗೆ ಇಳಿದಿಲ್ಲ. ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿದೆ. ಅರವತ್ತೊಂದು ವರ್ಷದ ಆರ್ಡಿತ್ ಕುದುರೆ ಇಳಿದು, ಸತ್ತುಬಿದ್ದ ಕರುವಿನ ಪಕ್ಕ ಮಂಡಿಯೂರಿ ಕೂತಿದ್ದಾರೆ. ಕಾಗೆಗಳು ಪೈನ್ ಮರದ ಮೇಲೆ ಕಾಯುತ್ತಿವೆ. ಕರುವಿನ ಕಿವಿಯಲ್ಲಿ ಹಳದಿ ಓಲೆ, ಸಂಖ್ಯೆ ಮುನ್ನೂರ ಹದಿನೆಂಟು. ಹಳದಿ ಎಂದರೆ ಗಾರ್ಲಂಡ್ ಪ್ರೂಯಿಟ್ ಅವರ ಮನೆಯದು.

ಚಾಕು ತೆಗೆದು ಹಿಂದೊಡೆಯ ಒಳಬದಿಯಲ್ಲಿ ಅಂಗೈ ಅಗಲದಷ್ಟು ಮಾತ್ರ ಚರ್ಮ ಬಿಡಿಸುತ್ತಾರೆ. ಉಳಿದದ್ದು ಸರ್ಕಾರದ ತನಿಖೆಯವನ ಕೆಲಸ, ಅದನ್ನು ಮುಟ್ಟುವ ಹಾಗಿಲ್ಲ. ಚರ್ಮದ ಕೆಳಗೆ ಮಾಂಸ ತಿಳಿಯಾಗಿದ್ದರೆ, ಕರು ಬೇರೆ ಏನೋ ಆಗಿ ಸತ್ತಿದೆ, ಆಮೇಲೆ ಯಾವುದೋ ಪ್ರಾಣಿ ಬಂದು ತಿಂದಿದೆ ಎಂದು ಅರ್ಥ. ನೆತ್ತರು ಕಪ್ಪಗೆ ಹೆಪ್ಪುಗಟ್ಟಿ ನಿಂತಿದ್ದರೆ, ಹಲ್ಲು ನಾಟಿದಾಗ ಅದಕ್ಕೆ ಜೀವವಿತ್ತು.

ಹೆಪ್ಪುಗಟ್ಟಿದೆ. ಆರ್ಡಿತ್ ಚರ್ಮವನ್ನು ಮತ್ತೆ ಮುಚ್ಚಿ, ಚಾಕುವನ್ನು ಹುಲ್ಲಿಗೆ ಒರೆಸುತ್ತಾರೆ.

"ಏಳು," ಎನ್ನುತ್ತಾರೆ.

ಆ ಸಂಖ್ಯೆಯ ಮೇಲೆ ಅವರ ಕೆಲಸ ನಿಂತಿದೆ. ಹೋದ ವರ್ಷ ಈ ಬೆಟ್ಟದಲ್ಲಿ ತೋಳಗಳು ಹದಿನಾಲ್ಕು ಕರು ಕೊಂದಿದ್ದವು. ಈ ಏಪ್ರಿಲ್‌ನಲ್ಲಿ ಸಂಘದ ಏಳು ಮನೆಯವರು ಕೂತು ಒಂದು ಕಾಗದ ಬರೆದರು. ಈ ಬೇಸಿಗೆಯಲ್ಲಿ ತೋಳಕ್ಕೆ ಆರು ಕರುವಿನವರೆಗೆ ಹೋದರೆ, ಕಾವಲು ಸವಾರಿಯ ಕೆಲಸ ಮುಂದುವರಿಯುತ್ತದೆ. ಏಳನೆಯದು ಹೋದರೆ ಆ ಕೆಲಸ ರದ್ದು, ಮತ್ತು ಎಂಟು ತೋಳಗಳ ಇಡೀ ಗುಂಪನ್ನು ಹೊಡೆದುಹಾಕಲು ಸರ್ಕಾರಕ್ಕೆ ಅರ್ಜಿ. ದನ ಬೆಟ್ಟದಿಂದ ಇಳಿಯಲು ಇನ್ನು ಹನ್ನೆರಡೇ ದಿನ ಉಳಿದಿತ್ತು.

ಕುದುರೆಯ ಜೀನಿನ ಹಿಂದೆ ಸುತ್ತಿ ಕಟ್ಟಿದ್ದ ನೀಲಿ ತಾಡಪಾಲನ್ನು ಆರ್ಡಿತ್ ಬಿಚ್ಚುತ್ತಾರೆ. ಕರುವಿನ ಮೇಲೆ ಹೊದಿಸಿ ನಾಲ್ಕೂ ಮೂಲೆಗೆ ಕಲ್ಲು ಹೇರುತ್ತಾರೆ. ಕಲ್ಲು ಚಿಕ್ಕವಲ್ಲ, ಒಂದೊಂದನ್ನೂ ಹೊಟ್ಟೆಗೆ ಆನಿಸಿಕೊಂಡು ತರಬೇಕು.

"ಹೊದಿಸ್ದೆ ಹೋದ್ರೆ ನಾಳೆ ಹೊತ್ಗೆ ಕಾಗೆ, ಕರಡಿ ಎಲ್ಲ ಸೇರಿ ಏನೂ ಉಳಿಸಲ್ಲ," ಎಂದು ಕಲ್ಲು ಇಡುತ್ತಲೇ ಹೇಳುತ್ತಾರೆ. "ತನಿಖೆಯೋನು ಬಂದು ಮೂಳೆ ನೋಡಿ 'ಕಾರಣ ಗೊತ್ತಿಲ್ಲ' ಅಂತ ಬರ್ಕೊಂಡು ಹೋಗ್ತಾನೆ. ಆಗ ನನ್ನ ಲೆಕ್ಕ ಆರಕ್ಕೇ ನಿಲ್ಲುತ್ತೆ. ಗಾರ್ಲಂಡ್‌ಗೆ ಪರಿಹಾರ ಮಾತ್ರ ಒಂದು ಕಾಸೂ ಬರಲ್ಲ."

ಇನ್ನೊಂದು ಕಲ್ಲು ತರಲು ಹೋಗುತ್ತಾರೆ. ಆ ಮಾತು ಅಲ್ಲಿಗೆ ಮುಗಿಯಿತು.

ಬೆಟ್ಟದ ಮೇಲಿನ ಅವರ ವಾಸ ಹದಿನಾರಡಿ ಉದ್ದದ ಒಂದು ಹಳೆಯ ಟ್ರೇಲರ್ ಮನೆ. ಒಳಗೆ ಒಂದು ಸ್ಟವ್, ಒಂದು ಹಾಸಿಗೆ, ಕೂರಲು ಒಂದೂವರೆ ಜಾಗ. ಬೆಳಗಿನ ಊಟಕ್ಕೆ ಹುರಿದ ಆಲೂಗಡ್ಡೆ, ಹಂದಿಮಾಂಸದ ತುಂಡು, ಕಬ್ಬಿಣದ ಕೆಟಲಿನಲ್ಲಿ ಕುದ್ದು ಕುದ್ದು ಕಹಿಯಾದ ಕಾಫಿ. ಗಂಡ ಓರಿನ್ ತೀರಿಕೊಂಡು ಎಂಟು ವರ್ಷವಾಯಿತು. ತೊಂಬತ್ತು ದನ ಇದ್ದವು, ಮಾರಿದರು. ಹುಲ್ಲಿನ ಹೊಲವನ್ನು ಪ್ರೂಯಿಟ್ ಮನೆಗೆ ಗುತ್ತಿಗೆ ಕೊಟ್ಟರು. ಮೂರು ಚಳಿಗಾಲ ಪೇಟೆಯ ಶಾಲೆಯಲ್ಲಿ ಅಡುಗೆ ಮಾಡಿದರು. "ಮಕ್ಕಳು ಚೆನ್ನಾಗೇ ಇದ್ವು. ನಾನೇ ಕಿಟಕಿ ಕಡೆ ನೋಡ್ತಾ ಇದ್ದೆ," ಎನ್ನುತ್ತಾರೆ. ಸಂಘಕ್ಕೆ ಬೆಟ್ಟದ ಮೇಲೆ ಇರಬಲ್ಲ ಒಬ್ಬರು ಬೇಕಾಗಿದ್ದಾಗ ಬೇರೆ ಯಾರೂ ಅರ್ಜಿ ಹಾಕಲಿಲ್ಲ. ಇದು ಐದನೆಯ ಬೇಸಿಗೆ.

ಕೆಲಸ ಹೇಳಲು ಸುಲಭ. ದನಗಳ ನಡುವೆ ಇರುವುದು, ಅಷ್ಟೇ. ದಿನಕ್ಕೆ ಹದಿನೆಂಟರಿಂದ ಇಪ್ಪತ್ತೈದು ಮೈಲಿ ಸವಾರಿ. ಮೂರು ಕುದುರೆಗಳು ಸರದಿಯಲ್ಲಿ. ಈ ಬೆಟ್ಟಕ್ಕೆ ಹತ್ತಿದ ಆರುನೂರ ನಲವತ್ನಾಲ್ಕು ಹಸು, ಅಷ್ಟೇ ಕರುಗಳಲ್ಲಿ ಪ್ರತಿಯೊಂದನ್ನೂ ವಾರಕ್ಕೊಮ್ಮೆಯಾದರೂ ಕಣ್ಣಾರೆ ನೋಡಬೇಕು. ಕುಂಟುತ್ತಿರುವುದನ್ನು, ಹಾಲು ಬಿಗಿದು ಒಂಟಿಯಾಗಿ ಕೂಗುತ್ತಿರುವ ತಾಯಿಯನ್ನು ಗುರುತಿಸಬೇಕು. ಚದುರಿದ್ದನ್ನು ಒಂದೆಡೆ ಸೇರಿಸಿ, ಮಲಗುವಾಗ ಬಯಲಲ್ಲಿ ಒಟ್ಟಿಗೆ ಇರುವಂತೆ ಅಭ್ಯಾಸ ಮಾಡಿಸಬೇಕು. ಮನುಷ್ಯರ ವಾಸನೆ, ಕುದುರೆಯ ಸದ್ದು ಎಲ್ಲಿ ಹೆಚ್ಚೋ ಅಲ್ಲಿಂದ ತೋಳ ಸ್ವಲ್ಪ ದೂರ ಸರಿಯುತ್ತದೆ. ಸ್ವಲ್ಪವೇ.

"ತೋಳ ಎಲ್ಲಿದೆ ಅಂತ ನಾನು ತೋಳನ್ನ ಹುಡುಕಲ್ಲ. ದನದ ಮುಖ ನೋಡ್ತೀನಿ," ಎನ್ನುತ್ತಾರೆ. "ನಿಶ್ಚಿಂತೆ ಇರೋ ಹಸು ಅಲ್ಲಲ್ಲಿ ಹರಡ್ಕೊಂಡು ಮೇಯುತ್ತೆ. ಬೆಳಿಗ್ಗೆ ಹೊತ್ತು ಎಲ್ಲ ಒಂದೇ ಕಡೆ ಮುಖ ಮಾಡಿ, ಮೇಯದೆ ನಿಂತಿದ್ವು ಅಂದ್ರೆ ಹಿಂದಿನ ರಾತ್ರಿ ನೆಂಟರು ಬಂದು ಹೋಗಿದಾರೆ ಅಂತ."

ಅವರ ನಾಯಿ, ಹೆಸರು ಟಿನ್, ಪಿಕಪ್ ವಾಹನದ ಸೀಟಿನಲ್ಲಿ ಕೂತು ಕಿಟಕಿಯಿಂದ ನೋಡುತ್ತಿದೆ. ಹತ್ತು ವರ್ಷದ ದನಗಾಹಿ ನಾಯಿ, ನೀಲಿ ಬೂದು ಮೈ. ನಾಲ್ಕು ವರ್ಷದಿಂದ ಅದಕ್ಕೆ ಬೆಟ್ಟದಲ್ಲಿ ಕೆಲಸವಿಲ್ಲ.

"ಮೊದ್ಲು ಇವ್ನು ಒಂದ್ಸಲ ಓಡಿದ್ರೆ ನೂರು ದನ ತಿರುಗ್ತಿದ್ವು. ಈಗ ಇವನ್ನ ಕಂಡ್ರೆ ತಲೆ ಬಗ್ಗಿಸ್ಕೊಂಡು ತುಳಿಯೋಕೆ ಬರ್ತವೆ. ತೋಳ ನೋಡಿದ ಹಸುವಿಗೆ ನಾಯೀನೂ ತೋಳಾನೇ. ಪಾಪ, ಇವನಿಗೇನ್ ಗೊತ್ತು? ತಾನೇನೋ ತಪ್ಪು ಮಾಡಿದೀನಿ ಅಂತ ಅಂದ್ಕೊಂಡಿದಾನೆ."

ಎಂಟು ಗಂಟೆಗೆ ಹಳ್ಳದ ದಾರಿಯಲ್ಲಿ ಹೇಸರಗತ್ತೆಗಳ ಸಾಲು ಬರುತ್ತದೆ. ಮುಂದಿನ ಕುದುರೆಯ ಮೇಲೆ ರಸ್ ಕೊವಾಚ್. ಹೊರಗಿನವರನ್ನು ಎಲ್ಕ್ ಬೇಟೆಗೆ ಕರೆದೊಯ್ಯುವುದು ಅವರ ತಂದೆಯ ಕಾಲದಿಂದ ಬಂದ ಕಸುಬು. ಒಂದು ಕಾಲದಲ್ಲಿ ಈ ಹಳ್ಳದ ತಲೆಯಲ್ಲಿ ಅವರ ಆರು ಡೇರೆಗಳು ನಿಲ್ಲುತ್ತಿದ್ದವು. ಈಗ ಎರಡು.

"ಏನಮ್ಮಾ ತೋಳದತ್ತೆ, ಅಳಿಯಂದ್ರೆಲ್ಲ ಸೌಖ್ಯನಾ?"

"ನಿನ್ನಷ್ಟು ಹೊಟ್ಟೆಬಾಕರಲ್ಲ ಕಣೋ. ತಿಂದು ಸುಮ್ನೆ ಹೋಗ್ತವೆ, ಕೂತ್ಕೊಂಡು ಕಾಫಿ ಕೇಳಲ್ಲ."

ರಸ್ ಅಷ್ಟರಲ್ಲಿ ಕುದುರೆ ಇಳಿದು ಲೋಟ ಹುಡುಕುತ್ತಿದ್ದಾರೆ. ಈ ಇಬ್ಬರ ನಡುವೆ ಒಂದು ಒಪ್ಪಂದ ಇದೆ. ಬೇಟೆಯಾಡಿದ ಎಲ್ಕ್‌ನ ಕರುಳು ಎಲ್ಲಿ ಬಿಟ್ಟೆ ಎಂದು ರಸ್ ಹೇಳಬೇಕು, ಏಕೆಂದರೆ ಕರುಳಿನ ವಾಸನೆಗೆ ತೋಳವೂ ಕರಡಿಯೂ ಬರುತ್ತವೆ, ಆರ್ಡಿತ್ ಆ ದಿಕ್ಕಿನಿಂದ ದನ ಸರಿಸಬೇಕು. ಬದಲಿಗೆ ಎಲ್ಕ್ ಯಾವ ಕಾಡಿನ ಮರೆಯಲ್ಲಿ ನಿಂತಿವೆ ಎಂದು ಆರ್ಡಿತ್ ಹೇಳುತ್ತಾರೆ.

"ಹಿಂದೆ ಇದನ್ನೆಲ್ಲ ಕೇಳೋ ಗತಿ ಇತ್ತಾ?" ಎಂದು ರಸ್ ಕೇಳುತ್ತಾರೆ. "ಸೆಪ್ಟೆಂಬರ್ ಬಂತು ಅಂದ್ರೆ ಗಂಡು ಎಲ್ಕ್ ಬಯಲಿಗೆ ಬಂದು ಕೂಗ್ತಿದ್ವು. ಆ ಕೂಗಿಗೆ ಗಿರಾಕಿಗಳಿಗೆ ನಿದ್ದೆ ಬರ್ತಿರ್ಲಿಲ್ಲ. ಈಗ ಕೂಗಿದ್ರೆ ಯಾರು ಬರ್ತಾರೆ ಅಂತ ಅವಕ್ಕೂ ಗೊತ್ತು. ಬಾಯಿ ಮುಚ್ಕೊಂಡು ಮರದ ನಡುವೆ ನಿಂತಿರ್ತವೆ. ಆರೂವರೆ ಸಾವಿರ ಕೊಟ್ಟೋನಿಗೆ ನಾನು ಏನ್ ತೋರಿಸ್ಲಿ, ಪೈನ್ ಮರಾನಾ?"

"ಹತ್ತು ಸಾವಿರ ತಗೋ, ತೋಳ ತೋರಿಸು."

"ನೀನು ನಗ್ತೀಯ."

"ನಗ್ತಾ ಇಲ್ಲ ಮಾರಾಯ. ಕಮ್ಮಿ ಆಗಿವೆ, ಅದು ನಿಜ. ನಾನು ಇಲ್ಲ ಅಂದಿಲ್ಲ."

ಚಳಿಗಾಲದಲ್ಲಿ ವಿಮಾನದಿಂದ ಎಣಿಸುವ ಲೆಕ್ಕ ಇಬ್ಬರಿಗೂ ಬಾಯಿಪಾಠ. ತೋಳ ಬರುವ ಮುಂಚೆ ಈ ಕಣಿವೆಯಲ್ಲಿ ಸಾವಿರದ ಒಂಬೈನೂರು ಎಲ್ಕ್ ಇದ್ದವು. ಒಂದು ಸಲ ಏಳುನೂರಕ್ಕೆ ಇಳಿದವು. ಈಗ ಸಾವಿರದ ನೂರು. ಅದರಲ್ಲಿ ತೋಳದ ಪಾಲೆಷ್ಟು, ಕರಡಿಯ ಪಾಲೆಷ್ಟು, ಎರಡು ಕೆಟ್ಟ ಚಳಿಗಾಲಗಳ ಪಾಲೆಷ್ಟು, ರಸ್ ಅವರ ಗಿರಾಕಿಗಳ ಪಾಲೆಷ್ಟು ಎಂಬುದು ಕೋಳಿಜಗಳಕ್ಕೆ ಒಳ್ಳೆಯ ವಿಷಯ. ಉಳಿದವು ಜಾಣವಾಗಿವೆ. ಬೇಸಿಗೆಯಲ್ಲಿ ಕಾಡಿನ ಒಳಗೆ, ಚಳಿಗಾಲದಲ್ಲಿ ಮನೆಗಳ ಹತ್ತಿರ. ಜನವರಿಯಲ್ಲಿ ಮುನ್ನೂರು ಎಲ್ಕ್ ಪ್ರೂಯಿಟ್ ಮನೆಯ ಹುಲ್ಲಿನ ಬಣವೆಗೆ ಬಂದು, ಬೇಲಿ ಮುರಿದು, ಇಪ್ಪತ್ತು ಟನ್ ತಿಂದು ಹೋಗಿವೆ. ಹೀಗೆ ತೋಳದ ದೆಸೆಯಿಂದ ಗಾರ್ಲಂಡ್ ಅವರಿಗೆ ಬೇಸಿಗೆಯಲ್ಲಿ ಒಂದು ನಷ್ಟ, ಚಳಿಗಾಲದಲ್ಲಿ ಇನ್ನೊಂದು. ತೋಳ ಬಂದು ಎಲ್ಕ್ ಮೇಯುವುದು ಕಡಿಮೆಯಾಗಿ, ಹಳ್ಳದ ದಂಡೆಯಲ್ಲಿ ನೀರುಗಿಡಗಳು ಮತ್ತೆ ಬೆಳೆದಿವೆ ಎಂದು ಪಟ್ಟಣದಿಂದ ಬಂದವರು ಹೊಗಳುತ್ತಾರೆ. ಆರ್ಡಿತ್‌ರನ್ನು ಕೇಳಿದರೆ, "ಒಂದು ತಿರುವಲ್ಲಿ ಕುದುರೆ ಹೊಟ್ಟೆವರೆಗೂ ಬೆಳೆದಿದೆ, ಮುಂದಿನ ತಿರುವಲ್ಲಿ ಏನೂ ಇಲ್ಲ. ಯಾವ ತಿರುವಲ್ಲಿ ನಿಂತು ನೋಡ್ತೀರ ಅನ್ನೋದರ ಮೇಲೆ," ಎನ್ನುತ್ತಾರೆ.

ರಸ್ ಹೊರಟ ಮೇಲೆ ಆರ್ಡಿತ್ ತಮ್ಮ ಎರಡು ಹೇಸರಗತ್ತೆಗಳ ಮೇಲೆ ಉಪ್ಪು ಹೇರುತ್ತಾರೆ. ಒಂದೊಂದು ಗಡ್ಡೆ ಐವತ್ತು ಪೌಂಡು, ಒಂದು ಬದಿಗೆ ಒಂದು. ಇಲ್ಲಿಂದ ಮುಂದಿನ ಕಥೆ ಈ ಉಪ್ಪಿನದು.

ಈ ಬೆಟ್ಟದಲ್ಲಿ ಪ್ರತಿ ಮನೆಗೂ ತನ್ನದೇ ಉಪ್ಪಿನ ಜಾಗ ಇದೆ. ಅಜ್ಜಂದಿರು ಗುರುತು ಮಾಡಿ ಇಟ್ಟದ್ದು. ಉಪ್ಪು ಎಲ್ಲಿದೆಯೋ ಅಲ್ಲಿ ದನ ಸಂಜೆ ಸೇರುತ್ತದೆ. ಒಂದು ಮನೆಯ ಉಪ್ಪನ್ನು ಇನ್ನೊಂದು ಮನೆಯವರು ಕದಲಿಸುವುದಿಲ್ಲ. ಬೇಲಿ ಮುರಿದರೆ ಕ್ಷಮೆ ಇದೆ, ಉಪ್ಪು ಸರಿಸಿದರೆ ಇಲ್ಲ. ಪ್ರೂಯಿಟ್ ಮನೆಯ ಉಪ್ಪಿನ ಜಾಗ ಇರುವುದು ಕೆಳಗಿನ ದಿಣ್ಣೆಯಲ್ಲಿ, ಗಾರ್ಲಂಡ್ ಅವರ ತಾತ ಕಡಿದ ಐದು ಮರಗಳ ಬೊಡ್ಡೆಗಳ ಮೇಲೆ. ತೊಂಬತ್ತು ವರ್ಷ ದನಗಳ ನಾಲಿಗೆ ಸವೆಸಿ ಸವೆಸಿ ಆ ಬೊಡ್ಡೆಗಳು ಬಟ್ಟಲಿನಂತೆ ನುಣುಪಾಗಿವೆ.

ಹೋದ ವರ್ಷ ಜುಲೈನಲ್ಲಿ ತೋಳಗಳು ಮರಿಗಳನ್ನು ಗವಿಯಿಂದ ಹೊರಡಿಸಿ, ಆ ಬೊಡ್ಡೆಗಳಿಂದ ಅರ್ಧ ಮೈಲಿ ಕೆಳಗಿನ ಬಯಲಿಗೆ ತಂದಿಟ್ಟವು. ದೊಡ್ಡವು ಬೇಟೆಗೆ ಹೋದಾಗ ಮರಿಗಳು ಆಡಿಕೊಂಡಿರುವ ಜಾಗ ಅದು. ಮರಿಗಳ ಊಳು ಆರ್ಡಿತ್ ಕಿವಿಗೆ ಬಿದ್ದಿತ್ತು. ಬಯಲು ಯಾವುದು ಎಂಬುದೂ ಗೊತ್ತಿತ್ತು. ಆದರೂ ಮರುದಿನ ಎಂದಿನಂತೆ ಹೇಸರಗತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಹೋಗಿ, ಐದು ಬೊಡ್ಡೆಗಳ ಮೇಲೂ ಇಟ್ಟು ಬಂದರು.

"ತೋಳ ಇಲ್ಲಿದೆ ಅನ್ನೋದು ಒಂದು ತಲೇಲಿತ್ತು. ಉಪ್ಪು ಅಲ್ಲಿಡೋದು ಅನ್ನೋದು ಇನ್ನೊಂದು ತಲೇಲಿತ್ತು. ಎರಡೂ ನಂದೇ ತಲೆ. ಒಂದಕ್ಕೊಂದು ಮಾತಾಡ್ಲೇ ಇಲ್ಲ," ಎಂದು ಹಗ್ಗ ಬಿಗಿಯುತ್ತ ಹೇಳುತ್ತಾರೆ. "ಉಪ್ಪಿನ ಜಾಗ ಅಂದ್ರೆ ಬೆಟ್ಟ ಇದ್ದ ಹಾಗೆ. ಅದನ್ನ ಯಾರಾದ್ರೂ ಎತ್ತಿ ಬೇರೆ ಕಡೆ ಇಡಬಹುದು ಅಂತ ಯೋಚ್ನೇನೇ ಬರಲ್ಲ ನಮಗೆ."

ಒಂಬತ್ತು ದಿನದಲ್ಲಿ ಹದಿನಾಲ್ಕು ಕರು ಹೋದವು. ಹದಿನಾಲ್ಕೂ ಹಳದಿ ಓಲೆಯವು. ಆಗಸ್ಟ್‌ನಲ್ಲಿ ಹೆಲಿಕಾಪ್ಟರ್ ಬಂದು ಒಂಬತ್ತು ತೋಳಗಳಲ್ಲಿ ಐದನ್ನು ಹೊಡೆಯಿತು. ಆಮೇಲೆ ಆ ಬಯಲಿನಲ್ಲಿ ನಡೆದು ಆರ್ಡಿತ್ ಒಂಬತ್ತು ಹಳದಿ ಓಲೆಗಳನ್ನು ಆರಿಸಿ ತಂದರು. ಮರಿಗಳು ಕಚ್ಚಿ ಆಡಿ, ಹಲ್ಲಿನ ಗುರುತು ಬಿದ್ದ ಓಲೆಗಳು. ಒಂದು ಕಾಫಿ ಡಬ್ಬಿಗೆ ಹಾಕಿಟ್ಟರು. ಜನವರಿಯಲ್ಲಿ, ಕೆಲಸವಿಲ್ಲದ ಒಂದು ಮಧ್ಯಾಹ್ನ, ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ, ಕರುಗಳು ಬಿದ್ದಿದ್ದ ಜಾಗಗಳ ಮೇಲೆ ಒಂದೊಂದು ಹುರುಳಿಕಾಳು ಇಡುತ್ತ ಬಂದಾಗ, ಕಾಳುಗಳೆಲ್ಲ ಬೊಡ್ಡೆಗಳ ಸುತ್ತ ಕೂತವು.

ಏಪ್ರಿಲ್ ಸಭೆಯಲ್ಲಿ ಆ ಮಾತನ್ನು ಅವರು ಎತ್ತಲಿಲ್ಲ. ಜೂನ್‌ನಲ್ಲಿ ಬೆಟ್ಟ ಹತ್ತಿದವರೇ ಪ್ರೂಯಿಟ್ ಮನೆಯ ಉಪ್ಪನ್ನು ಮುಕ್ಕಾಲು ಮೈಲಿ ಮೇಲೆ, ದಕ್ಷಿಣದ ದಿಣ್ಣೆಗೆ ಒಯ್ದು ಇಟ್ಟರು. ಬಯಲಾದ ಜಾಗ, ಸುತ್ತ ಮರವಿಲ್ಲ. ಯಾರನ್ನೂ ಕೇಳಲಿಲ್ಲ. ಗಾರ್ಲಂಡ್ ಅವರಿಗೆ ವಸಂತದಲ್ಲಿ ಸೊಂಟದ ಆಪರೇಷನ್ ಆಗಿತ್ತು, ಬೇಸಿಗೆಯಿಡೀ ಅವರು ಮೇಲೆ ಬರಲಿಲ್ಲ. ಉಳಿದ ಆರು ಮನೆಗಳಿಗೂ ಉಪ್ಪು ಸರಿದದ್ದು ಗೊತ್ತಿತ್ತು. ಒಬ್ಬರೂ ಅವರ ಕಿವಿಗೆ ಹಾಕಲಿಲ್ಲ. ಹಾಕುವ ಧೈರ್ಯ ಯಾರಿಗಿದೆ.

ಗುರುವಾರ ಬೆಳಿಗ್ಗೆ ತನಿಖೆಯವನು ಬರುತ್ತಾನೆ. ಅವನ ಜತೆ, ಬಿಳಿ ಕುದುರೆಯ ಮೇಲೆ, ನಿಧಾನವಾಗಿ ಗಾರ್ಲಂಡ್ ಕೂಡ. ಎಪ್ಪತ್ತೆರಡು ವರ್ಷ, ಸಂಘದ ಅಧ್ಯಕ್ಷರು. ತಾಡಪಾಲು ತೆಗೆಸಿ ಕರುವನ್ನು ನೋಡುತ್ತಾರೆ. ತನಿಖೆಯವನು ಚರ್ಮ ಪೂರ್ತಿ ಬಿಡಿಸಿ, ಹಲ್ಲಿನ ಅಳತೆ ತೆಗೆದು, 'ತೋಳ, ಖಚಿತ' ಎಂದು ಬರೆಯುತ್ತಾನೆ. ಗಾರ್ಲಂಡ್ ಸಹಿ ಹಾಕುತ್ತಾರೆ.

ಇಳಿಯುವ ದಾರಿ ಬೊಡ್ಡೆಗಳ ಪಕ್ಕದಲ್ಲೇ ಹೋಗುತ್ತದೆ. ಗಾರ್ಲಂಡ್ ಕುದುರೆ ನಿಲ್ಲಿಸುತ್ತಾರೆ. ಐದು ಬಟ್ಟಲುಗಳಲ್ಲೂ ಮಳೆನೀರು, ಪೈನ್ ಎಲೆ. ಸುತ್ತ, ಯಾವಾಗಲೂ ಗೊರಸು ತುಳಿದು ಬೋಳಾಗಿರುತ್ತಿದ್ದ ನೆಲದಲ್ಲಿ ಹುಲ್ಲು ಎದ್ದಿದೆ.

"ಉಪ್ಪೆಲ್ಲಿ?"

"ದಕ್ಷಿಣದ ದಿಣ್ಣೆ ಮೇಲೆ," ಎನ್ನುತ್ತಾರೆ ಆರ್ಡಿತ್. "ಜೂನ್‌ನಿಂದ."

"ಯಾರನ್ನ ಕೇಳ್ದೆ?"

"ಯಾರನ್ನೂ ಕೇಳ್ಲಿಲ್ಲ."

"ನಮ್ಮಪ್ಪನ ಉಪ್ಪನ್ನ ಒಬ್ಬ ಒಂದ್ಸಲ ಸರಿಸಿದ್ದ. ಅಪ್ಪ ಅವನ ಜೊತೆ ಇಪ್ಪತ್ತು ವರ್ಷ ಮಾತಾಡ್ಲಿಲ್ಲ."

"ಗೊತ್ತು. ಅವನು ನಮ್ಮಾವ."

ತನಿಖೆಯವನು ತನ್ನ ಕುದುರೆಯ ಲಗಾಮಿನಲ್ಲಿ ಏನೋ ಸರಿಮಾಡಲು ಇಳಿಯುತ್ತಾನೆ. ಅಲ್ಲಿ ಸರಿಮಾಡಲು ಏನೂ ಇರಲಿಲ್ಲ.

ಆರ್ಡಿತ್ ಜೀನಿನ ಚೀಲದಿಂದ ಕಾಫಿ ಡಬ್ಬಿ ತೆಗೆಯುತ್ತಾರೆ. ಜೂನ್‌ನಿಂದ ಅದು ಅವರ ಜತೆಗೇ ಬೆಟ್ಟ ಸುತ್ತಿದೆ. ಮುಚ್ಚಳ ತೆಗೆದು ಗಾರ್ಲಂಡ್ ಕೈಗೆ ಕೊಡುತ್ತಾರೆ. "ಹೋದ ವರ್ಷ ಕೆಳಗಿನ ಬಯಲಲ್ಲಿ ಸಿಕ್ಕಿದ್ದು. ತೋಳದ ಮರಿಗಳು ಅಲ್ಲಿದ್ವು, ನನಗೆ ಗೊತ್ತಿತ್ತು. ಗೊತ್ತಿದ್ದೂ ಉಪ್ಪು ತಂದು ಇಲ್ಲೇ ಇಟ್ಟೆ. ನಿನ್ನ ಹದಿನಾಲ್ಕು ಕರು ತಿಂದಿದ್ದು ತೋಳಾನೇ, ಗಾರ್ಲಂಡ್. ಬಡಿಸಿದ್ದು ನಾನು."

ಗಾರ್ಲಂಡ್ ಓಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಾರೆ. ಸಂಖ್ಯೆ ಓದುತ್ತಾರೆ. ತಮ್ಮ ದನಗಳ ಸಂಖ್ಯೆಗಳೆಲ್ಲ ಅವರಿಗೆ ನೆನಪು.

"ಏಪ್ರಿಲ್‌ನಲ್ಲಿ ಯಾಕೆ ಹೇಳ್ಲಿಲ್ಲ?"

"ಕೆಲಸ ಹೋಗುತ್ತೆ ಅಂತ ಹೆದರ್ಕೊಂಡೆ."

"ಈಗ?"

"ಈಗ ಹೆಂಗೂ ಏಳಾಯ್ತಲ್ಲ."

ಗಾರ್ಲಂಡ್ ಡಬ್ಬಿಗೆ ಮುಚ್ಚಳ ಹಾಕಿ ತಮ್ಮ ಕೋಟಿನ ಜೇಬಿಗೆ ತುರುಕುತ್ತಾರೆ. ಬಿಳಿ ಕುದುರೆಯನ್ನು ತಿರುಗಿಸುತ್ತಾರೆ, ಮನೆಯ ಕಡೆಗಲ್ಲ, ಮೇಲಿನ ದಿಣ್ಣೆಯ ಕಡೆಗೆ. ಸೊಂಟ ನೋಯುತ್ತಿರುವುದು ಅವರು ಕೂತ ರೀತಿಯಲ್ಲೇ ಕಾಣುತ್ತದೆ. ಆರ್ಡಿತ್ ಹಿಂಬಾಲಿಸುತ್ತಾರೆ. ಮೇಲೆ, ಬಿಸಿಲು ಬಿದ್ದ ಬಯಲಲ್ಲಿ ಹಳದಿ ಓಲೆಯ ನೂರರಷ್ಟು ಹಸುಗಳು ಅಲ್ಲಲ್ಲಿ ಹರಡಿಕೊಂಡು ಮೇಯುತ್ತಿವೆ. ಕೆಲವು ಕರುಗಳು ಕಾಲು ಚಾಚಿ ಮಲಗಿವೆ. ಗಾರ್ಲಂಡ್ ಬಹಳ ಹೊತ್ತು ನೋಡುತ್ತಾರೆ.

"ಮೈ ತುಂಬ್ಕೊಂಡಿವೆ," ಎನ್ನುತ್ತಾರೆ.

"ಹೂಂ."

ಗಾರ್ಲಂಡ್ ಕುದುರೆಯನ್ನು ಇಳಿಜಾರಿನ ಕಡೆ ತಿರುಗಿಸುತ್ತಾರೆ.

ದನ ಬೆಟ್ಟದಿಂದ ಇಳಿದ ಮೇಲೆ, ಅಕ್ಟೋಬರಿನ ಎರಡನೇ ಭಾನುವಾರ, ಸಂಘದ ಸಭೆ ಸೇರುತ್ತದೆ. ಕಣಿವೆಯ ಸಮುದಾಯ ಭವನದಲ್ಲಿ ಉದ್ದ ಮೇಜು, ಮಾಂಸ ಹಾಕಿದ ಹುರುಳಿಯ ಸಾರು, ಮೆಕ್ಕೆಜೋಳದ ಬ್ರೆಡ್ಡು, ಮೂರು ಬಗೆಯ ಹಣ್ಣಿನ ಪೈ. ತಿಂದು ಮುಗಿಯುವವರೆಗೆ ಯಾರೂ ತೋಳದ ಹೆಸರು ಎತ್ತುವುದಿಲ್ಲ, ಅದು ಇಲ್ಲಿನ ಮರ್ಯಾದೆ. ಆರ್ಡಿತ್ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಪುಟ್ಟ ಪುಸ್ತಕ ನೋಡಿ ಲೆಕ್ಕ ಓದುತ್ತಾರೆ. ಹತ್ತಿದ ಕರು ಆರುನೂರ ನಲವತ್ನಾಲ್ಕು, ಇಳಿದದ್ದು ಆರುನೂರ ಇಪ್ಪತ್ತೊಂಬತ್ತು. ನೀಲಿ ಹೂವಿನ ವಿಷದ ಗಿಡ ತಿಂದು ನಾಲ್ಕು, ಸಿಡಿಲಿಗೆ ಎರಡು, ಕಾಲು ಮುರಿದು ಒಂದು, ಸಿಗದೇ ಹೋದದ್ದು ಒಂದು. ತೋಳಕ್ಕೆ ಏಳು. ಹೋದ ವರ್ಷಕ್ಕಿಂತ ಕರುವಿನ ತೂಕ ಸರಾಸರಿ ಇಪ್ಪತ್ತೆರಡು ಪೌಂಡು ಹೆಚ್ಚು.

ಆಮೇಲೆ ಹೋದ ವರ್ಷದ ಉಪ್ಪಿನ ವಿಷಯವನ್ನೂ ಅವರೇ ಹೇಳುತ್ತಾರೆ. ನಾಲ್ಕೇ ವಾಕ್ಯ. ಹೇಳಿ ಕೂರುತ್ತಾರೆ.

"ಹಾಗಾದ್ರೆ ನಾವು ಕಾಗದ ಬರೆದಾಗ ಇದೆಲ್ಲ ಗೊತ್ತಿದ್ದೂ ಸುಮ್ನೆ ಇದ್ದೆ," ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಾರೆ.

"ಹೌದು."

"ಅದು ಸರಿ ಇಲ್ಲ, ಆರ್ಡಿತ್."

"ಸರಿ ಇಲ್ಲ."

ಗಾರ್ಲಂಡ್ ಕೋಲೂರಿ ಎದ್ದು ನಿಲ್ಲುತ್ತಾರೆ. "ಕಾಗದ ಅಂದ್ರೆ ಕಾಗದ," ಎನ್ನುತ್ತಾರೆ. "ಆರು ಅಂತ ಬರೆದ್ವಿ, ಏಳಾಗಿದೆ. ತೋಳದ ಅರ್ಜಿ ಹೋಗ್ಲೇಬೇಕು. ಆದ್ರೆ ಎಂಟಕ್ಕೆ ಬೇಡ, ಎರಡಕ್ಕೆ ಹೋಗ್ಲಿ. ಮನುಷ್ಯರ ಹೆದರಿಕೆ ಇರೋ ಗುಂಪು ಇದು. ಇದನ್ನ ಪೂರ್ತಿ ತೆಗೆದ್ರೆ ಆಚೆ ಕಣಿವೆಯಿಂದ ಏನೂ ಗೊತ್ತಿಲ್ಲದ ಗುಂಪು ಬರುತ್ತೆ. ಇನ್ನು ಸವಾರಿ ಕೆಲಸ." ಕೋಲನ್ನು ಇನ್ನೊಂದು ಕೈಗೆ ಬದಲಿಸುತ್ತಾರೆ. "ನಮ್ಮನೆ ಉಪ್ಪು ಇನ್ಮೇಲೆ ಮೇಲಿನ ದಿಣ್ಣೇಲೇ ಇರುತ್ತೆ. ಇಷ್ಟು ವರ್ಷ ಅದು ಕೆಳಗೇ ಇತ್ತು, ನಾನೂ ನೋಡ್ತಾನೇ ಇದ್ದೆ. ತೋಳ ಬಂದು ಇಪ್ಪತ್ತು ವರ್ಷ ಆಯ್ತು, ನನ್ನ ತಲೆಗೂ ಹೊಳೀಲಿಲ್ಲ. ಹೊಳೆದೋಳು ಒಬ್ಳು, ತಡವಾಗಿಯಾದ್ರೂ. ಅವಳನ್ನ ಬಿಟ್ಟು ಬೇರೆ ಯಾರನ್ನ ಇಡೋಣ ಅಂತೀರಿ?"

"ನಿನ್ನ ಉಪ್ಪು ಸರಿಸಿದೋಳನ್ನ ನೀನೇ ಇಟ್ಕೊಳ್ಳೋಣ ಅಂತೀಯ," ಎಂದು ಅದೇ ದನಿ.

"ನಮ್ಮಪ್ಪನ ಹಾಗೆ ಇಪ್ಪತ್ತು ವರ್ಷ ಮಾತು ಬಿಡೋಣ ಅಂದ್ರೆ ನನ್ನ ಹತ್ರ ಅಷ್ಟು ವರ್ಷ ಇಲ್ಲ."

ಎಲ್ಲರೂ ನಗುತ್ತಾರೆ, ಕೇಳಿದವರೂ. ಕೈ ಎತ್ತಿಸಿದಾಗ ಐದು ಮನೆ ಪರ, ಎರಡು ಮನೆ ವಿರುದ್ಧ. ವಿರುದ್ಧ ಕೈ ಎತ್ತಿದ ಒಂದು ಮನೆಯ ಹೆಂಗಸು ಹೊರಡುವಾಗ ಉಳಿದ ಪೈಯನ್ನು ಕಾಗದದಲ್ಲಿ ಸುತ್ತಿ ಆರ್ಡಿತ್ ಕೈಗೆ ಕೊಡುತ್ತಾರೆ. "ಕೋಪ ಇದೆ ಇನ್ನೂ. ಪೈ ಬೇರೆ ವಿಷಯ," ಎನ್ನುತ್ತಾರೆ.

ನವೆಂಬರ್ ಮೊದಲ ವಾರ ಎರಡು ತೋಳಗಳನ್ನು ಹೊಡೆದರು. ಸುದ್ದಿ ಬಂದ ದಿನ ಆರ್ಡಿತ್ ತಮ್ಮ ಕೊಟ್ಟಿಗೆಯಲ್ಲಿ ಜೀನುಗಳಿಗೆ ಎಣ್ಣೆ ತಿಕ್ಕುತ್ತಿದ್ದಾರೆ. ಟಿನ್ ಕಾಲ ಬಳಿ ಮಲಗಿದೆ. ಕೈ ಒಂದು ಗಳಿಗೆ ನಿಲ್ಲುತ್ತದೆ, ಮತ್ತೆ ತಿಕ್ಕುತ್ತದೆ.

"ಆ ಬೂದು ಹೆಣ್ಣೂ ಹೋಯ್ತಂತೆ. ನನ್ನ ಕಂಡ್ರೆ ಎದ್ದು ನಿಂತು, ಒಂದ್ಸಲ ನೋಡಿ, ನಡ್ಕೊಂಡು ಹೋಗೋದು. ಓಡ್ತಿರ್ಲಿಲ್ಲ." ಬಟ್ಟೆಗೆ ಮತ್ತಷ್ಟು ಎಣ್ಣೆ ಹಾಕುತ್ತಾರೆ. "ಇಷ್ಟ ಇತ್ತು ಅಂತಲ್ಲ. ಪರಿಚಯ ಇತ್ತು."

ಗೋಡೆಯ ಮೊಳೆಗೆ ತಾಡಪಾಲುಗಳನ್ನು ಮಡಿಚಿ ನೇತುಹಾಕಿದ್ದಾರೆ. ತೊಳೆದರೂ ಕಲೆ ಹೋಗಿಲ್ಲ. ಮುಂದಿನ ವರ್ಷಕ್ಕೆ ಏನು ಆಸೆ ಎಂದು ಕೇಳಿದ್ದಕ್ಕೆ ಅವುಗಳ ಕಡೆ ಗದ್ದ ಎತ್ತಿ ತೋರಿಸುತ್ತಾರೆ.

"ಈ ವರ್ಷ ಎಂಟು ಕೊಂಡಿದ್ದೆ, ಏಳು ಬೇಕಾದ್ವು. ಮುಂದಿನ್ ಸಲ ಮೂರು ಹೊತ್ಕೊಂಡ್ ಹೋದ್ರೆ ಸಾಕು ಅಂತ ಅನ್ನಿಸ್ಬೇಕು. ಅಷ್ಟೇ."

ಹೋದ ವರ್ಷ ಹದಿನಾಲ್ಕು ಕರು, ಐದು ತೋಳ. ಈ ವರ್ಷ ಏಳು ಕರು, ಎರಡು ತೋಳ. ಪ್ರೂಯಿಟ್ ಮನೆಯ ಉಪ್ಪು ತೊಂಬತ್ತು ವರ್ಷದ ಜಾಗ ಬಿಟ್ಟು ಮುಕ್ಕಾಲು ಮೈಲಿ ಮೇಲಕ್ಕೆ ಹೋಗಿದೆ. ಆರ್ಡಿತ್ ಅವರಿಗೆ ಇನ್ನೊಂದು ಬೇಸಿಗೆಯ ಕೆಲಸ ಉಳಿದಿದೆ.